ಸೇವಾ ಪುಸ್ತಕದಲ್ಲಿಲ್ಲದ ಹುಡುಗ

"ಒಂದು ಸಾಲು ಕಣೋ! ಒಂದೇ ಒಂದು ಸಾಲು ಟೈಪ್ ಮಾಡೋಕೆ ನಿನ್ನ ಬೆರಳೇನು ಸವೆದು ಹೋಗ್ತವಾ?"

"ಮೆಲ್ಲಗೆ ಮಾತಾಡೇ. ಇದು ಆಫೀಸು."

"ಆಫೀಸಾದ್ರೆ ಆಗ್ಲಿ! ಎಲ್ಲಾ ಊಟಕ್ಕೆ ಹೋಗಿದಾರೆ. ಯಾರಿಗೆ ಕೇಳ್ಸುತ್ತೆ, ಬೀರುಗಾ?"

ಪ್ರೇಮ್‌ಕುಮಾರ್ ಕುರ್ಚಿಯಿಂದ ಏಳಲಿಲ್ಲ. ಅವನ ಮೇಜಿನ ಮೇಲೆ ಒಂದು ಅರ್ಜಿ ಬಿದ್ದಿತ್ತು. ನೀಲಿ ಇಂಕು, ದಪ್ಪ ದಪ್ಪ ಅಕ್ಷರ. ಬರೆದವರು ಕಗ್ಗದಾಸಪುರದ ದೊಡ್ಡಮುನಿಯಪ್ಪ. ಎದುರಿಗೆ ನಿಂತು ಕೂಗಾಡುತ್ತಿದ್ದ ಹಂಸಳ ಅಪ್ಪ. ಮಾಹಿತಿ ಹಕ್ಕಿನಲ್ಲಿ ಅವರು ಕೇಳಿದ್ದು ಇಷ್ಟೇ: ಪ್ರೇಮ್‌ಕುಮಾರ್ ಬಿನ್ ಲೇಟ್ ವೆಂಕಟಸ್ವಾಮಿ ಎಂಬುವವರು ತಮ್ಮ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕರಾಗಿರುವುದು ನಿಜವೇ? ನಿಜವಾದರೆ ಯಾವಾಗಿನಿಂದ?

ಶಿವಾಜಿನಗರದ ಆ ಕಚೇರಿಗೆ ಇಂಥ ಅರ್ಜಿ ಬಂದರೆ ಸೀದಾ ಸಿಬ್ಬಂದಿ ಶಾಖೆಗೆ ಬರುತ್ತದೆ. ಸಿಬ್ಬಂದಿ ಶಾಖೆಯಲ್ಲಿ ಎಲ್ಲ ಉತ್ತರ ಟೈಪ್ ಮಾಡುವವನು ಪ್ರೇಮ್‌ಕುಮಾರ್. ತಾನು ಇದ್ದೇನೋ ಇಲ್ಲವೋ ಎಂದು ತಾನೇ ಬರೆದುಕೊಡಬೇಕಾಗಿತ್ತು.

ಆದರೆ ದಾಖಲೆಯಲ್ಲಿ ಅವನು ಇರಲಿಲ್ಲ. ಅದೇ ತೊಂದರೆ. ಅವನು ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್. ಯಾವುದೋ ಏಜೆನ್ಸಿ ಕಳಿಸಿದ ಹುಡುಗ. ಇಡೀ ಕಚೇರಿಯ ನೌಕರರ ಸೇವಾ ಪುಸ್ತಕ, ಬಡ್ತಿ, ರಜೆ, ನಿವೃತ್ತಿ ಎಲ್ಲ ಅವನ ಕೈಯಲ್ಲೇ ಕಂಪ್ಯೂಟರಿಗೆ ಏರುತ್ತಿತ್ತು. ಅವನ ಹೆಸರಿನ ಒಂದು ಪುಟವೂ ಆ ಬೀರುಗಳಲ್ಲಿ ಇರಲಿಲ್ಲ.

"ನಿಜ, ಕೆಲಸ ಮಾಡ್ತಿದಾರೆ ಅಂತ ಬರಿ. ಮಾಡ್ತಿಲ್ವಾ ನೀನು? ಎಂಟು ವರ್ಷದಿಂದ ಈ ಕುರ್ಚಿ ಬಿಸಿ ಮಾಡಿದ್ದು ಯಾರು, ನಮ್ಮಜ್ಜಿನಾ?"

"ಕುರ್ಚಿ ಬಿಸಿ ಮಾಡಿದೋರೆಲ್ಲ ನೌಕರರಾಗಲ್ಲ ಹಂಸ."

"ಹಾಗಾದ್ರೆ ಸುಳ್ಳು ಯಾರದ್ದು? ನಂದಾ, ಸರ್ಕಾರದ್ದಾ?"

"ಎಫ್‌ಡಿಎ ಅಂತ ನಿಮ್ಮಪ್ಪಂಗೆ ಹೇಳಿದ್ದು ಸರ್ಕಾರ ಅಲ್ಲ. ನೀನು."

"ಹೂಂ, ಹೇಳ್ದೆ! ಟೀಪಾಯಿ ಮೇಲೆ ಇನ್ನೊಬ್ಬ ಗಂಡಿನ ಫೋಟೋ ಬಂದು ಕೂತಿತ್ತು. ಬಾಯಿಗೆ ಬಂದಿದ್ದು ಹೇಳ್ದೆ. ನಿನಗೋಸ್ಕರ ಹೇಳ್ದೆ. ಈಗ ನಾನು ಬಾವಿಗೆ ಬಿದ್ದಿದೀನಿ, ನೀನು ದಡದ ಮೇಲೆ ಕೂತು ನ್ಯಾಯ ಹೇಳ್ತೀಯ."

"ನಿಮ್ಮಕ್ಕನಿಗೆ ಒಬ್ಬ ಮಾಡಿದ್ನಲ್ಲ, ಅದನ್ನೇ ನಾನೂ ಮಾಡ್ಲಾ? ಅವನದ್ದು ಕಳ್ಳ ಮೊಹರು. ನಂದು ಅಸಲಿ ಮೊಹರು. ಅಷ್ಟೇ ವ್ಯತ್ಯಾಸ."

ಹಂಸ ಮೇಜಿನ ಮೇಲಿದ್ದ ಅರ್ಜಿಯನ್ನು ಅವನ ಕಡೆ ತಳ್ಳಿದಳು.

ಅಷ್ಟರಲ್ಲಿ ಅಧೀಕ್ಷಕರಾದ ಫಹೀಮ್ ಸಾಹೇಬರು ಕರ್ಚೀಫಿನಲ್ಲಿ ಕೈ ಒರೆಸುತ್ತ ಒಳಗೆ ಬಂದರು. "ಅರೆ, ಕಣ್ಣಿನ ಡಾಕ್ಟ್ರಮ್ಮ! ನಂದೂ ಒಂಚೂರು ನೋಡಿಮ್ಮಾ. ಸಹಿ ಎಲ್ಲಿ ಹಾಕ್ಬೇಕೋ ಕಾಣಲ್ಲ. ಇವನು ಬೆರಳಿಟ್ಟು ತೋರಿಸಿದ ಕಡೆ ಹಾಕ್ತೀನಿ."

"ಇವ್ರಿಗೇ ತೋರ್ಸಿ ಸಾರ್. ಇವ್ರಿಗೆ ಎಲ್ಲಾ ಕಾಣುತ್ತೆ, ನಾನೊಬ್ಳು ಬಿಟ್ಟು."

ಅವಳು ಮೆಟ್ಟಿಲಿಳಿದು ಹೋದಳು. ಪ್ರೇಮ್ ಹಿಂದೆ ಬರಲಿಲ್ಲ. ಬರುತ್ತಾನೆಂದು ಅವಳು ಎರಡು ಸಲ ತಿರುಗಿ ನೋಡಿದಳು.

*

ಹಂಸ ಇಂದಿರಾನಗರದ ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ಪ್ರೇಮ್ ಮೊದಲ ಸಲ ಬಂದದ್ದು ಅಲ್ಲಿಗೆ, ಕೆಂಪು ಕಣ್ಣು ಉಜ್ಜಿಕೊಂಡು. ಹಳೇ ಪುಸ್ತಕಗಳ ಮಾಸಿದ ಅಕ್ಷರ ಓದಿ ಓದಿ ಕಣ್ಣು ಹಾಳಾಗಿತ್ತು.

"ದೂರದ ಅಕ್ಷರ ನೋಡಿ ಸಾರ್."

"ನೋಡ್ತಿದೀನಿ."

"ಅಕ್ಷರ ಗೋಡೆ ಮೇಲಿದೆ. ನೀವು ಇಲ್ಲಿ ನೋಡ್ತಿದೀರ."

"ಇಲ್ಲಿ ಚೆನ್ನಾಗಿ ಕಾಣ್ತಿದೆ ಮೇಡಂ. ಅಲ್ಲೇ ಮಬ್ಬು."

ಇಂಥ ಮಾತು ಆ ಅಂಗಡಿಯಲ್ಲಿ ದಿನಕ್ಕೊಬ್ಬ ಹೇಳುತ್ತಿದ್ದ. ಹಂಸ ಅಂಥವರಿಗೆ ಬೇಕಂತಲೇ ಕಣ್ಣಿಗೆ ಟಾರ್ಚು ಜೋರಾಗಿ ಬಿಡುತ್ತಿದ್ದಳು. ಇವನಿಗೂ ಬಿಟ್ಟಳು. ಇವನು ಕಣ್ಣು ಮುಚ್ಚಲಿಲ್ಲ. ನೀರು ಸುರಿಯುತ್ತಿದ್ದರೂ ಅಗಲವಾಗಿ ಬಿಟ್ಟುಕೊಂಡೇ ಕೂತ. ಕಂದು ಬಣ್ಣದ ಪಾಪೆ, ಅಂಚಿಗೆ ಜೇನಿನ ಬಣ್ಣದ ಗೆರೆ. ಅಷ್ಟು ಹತ್ತಿರದಿಂದ ಸಾವಿರ ಕಣ್ಣು ನೋಡಿದ್ದವಳು ಆ ಹೊತ್ತು ನಂಬರ್ ಬರೆಯುವುದನ್ನು ಮರೆತಳು.

ಆಮೇಲೆ ಅವನು ಫ್ರೇಮ್ ಸಡಿಲ ಅಂತ ಬಂದ. ಬಿಗಿ ಅಂತ ಬಂದ. ಮೂಗಿಗೆ ಒತ್ತುತ್ತೆ ಅಂತ ಬಂದ. ಹಂಸ ಅವನ ಕಿವಿಯ ಹಿಂದೆ ಬೆರಳಿಟ್ಟು ಕಡ್ಡಿ ಸರಿಮಾಡುವಾಗ ಕಿವಿ ಕೆಂಪಗಾಗುತ್ತಿತ್ತು.

"ಸಾರ್, ಫ್ರೇಮ್ ಸರಿಯಾಗಿದೆ. ಕಿವಿಗೇ ಏನೋ ಆಗಿದೆ."

"ಅದಕ್ಕೆ ಏನ್ ಟ್ರೀಟ್‌ಮೆಂಟು?"

"ಟೀ ಕುಡಿದ್ರೆ ಹೋಗುತ್ತೆ."

ಟೀ ಕುಡಿದದ್ದು ಹಲಸೂರಿನಲ್ಲಿ. ಗ್ಲಾಸು ಖಾಲಿಯಾಗುವ ಮೊದಲೇ ಅವನು ಹೇಳಿಬಿಟ್ಟ. "ನಾನು ಗೌರ್ಮೆಂಟ್ ಆಫೀಸಲ್ಲಿ ಇದೀನಿ, ಆದ್ರೆ ಗೌರ್ಮೆಂಟ್ ನೌಕರ ಅಲ್ಲ. ಔಟ್‌ಸೋರ್ಸ್. ನಾಳೆ ಬರ್ಬೇಡ ಅಂದ್ರೆ ನಾಳೆ ಇರಲ್ಲ. ಟೀ ಕುಡಿದು ಎದ್ದು ಹೋಗೋದಾದ್ರೆ ಈಗ್ಲೇ ಹೋಗ್ಬಿಡಿ."

ಹಂಸ ಇನ್ನೊಂದು ಟೀ ಹೇಳಿದಳು.

ಅವನಿಗೆ ತಂದೆ ಇಲ್ಲ. ತಾಯಿ ಮುನಿವೆಂಕಟಮ್ಮನ ಜೊತೆ ಬಾಣಸವಾಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಜಾತಿ ಒಂದೇ, ಊರು ಹತ್ತಿರ, ಹುಡುಗನಿಗೆ ಬೀಡಿ ಸಿಗರೇಟೂ ಇಲ್ಲ. ಬೇರೆ ಯಾವ ಮನೆಯಾಗಿದ್ದರೂ ಆ ಮದುವೆ ಎಂದೋ ಆಗಿಹೋಗುತ್ತಿತ್ತು. ಇದು ದೊಡ್ಡಮುನಿಯಪ್ಪನ ಮನೆ.

ಹಂಸಳ ಅಕ್ಕ ರಮ್ಯಶ್ರೀಯನ್ನು ಮದುವೆಯಾದವನು ಸರ್ಕಾರಿ ನೌಕರ ಅಂತ ಹೇಳಿಕೊಂಡು ಬಂದವನು. ನೇಮಕಾತಿ ಆದೇಶ ತೋರಿಸಿದ, ಕೊರಳಿಗೆ ಐಡಿ ಕಾರ್ಡು ನೇತುಹಾಕಿಕೊಂಡೇ ಹೆಣ್ಣು ನೋಡಲು ಬಂದ. ಎಲ್ಲ ಯಾವುದೋ ಜೆರಾಕ್ಸ್ ಅಂಗಡಿಯಲ್ಲಿ ಹುಟ್ಟಿದ ಕಾಗದ. ಮದುವೆಯಾದ ಮೇಲೆ ದಿನಾ ಬೆಳಿಗ್ಗೆ ಹೆಂಡತಿ ಕಟ್ಟಿಕೊಟ್ಟ ಟಿಫನ್ ಬಾಕ್ಸ್ ಹಿಡಿದು ಹೊರಟು, ಪಾರ್ಕಿನಲ್ಲಿ ಕೂತು ಉಂಡು, ಸಂಜೆ ಸುಸ್ತಾದವನಂತೆ ಬರುತ್ತಿದ್ದ. ವರ್ಷದ ಮೇಲೆ ಬಯಲಾಯಿತು. ರಮ್ಯಶ್ರೀ ತವರಿಗೆ ಬಂದಳು, ಕೇಸು ಕೋರ್ಟಿಗೆ ಹೋಯಿತು, ಇನ್ನೂ ಅಲ್ಲೇ ಇದೆ.

ಅಂದಿನಿಂದ ದೊಡ್ಡಮುನಿಯಪ್ಪ ಬೇರೆ ಮನುಷ್ಯರಾದರು. ವಕೀಲರಿಂದ ಅರ್ಜಿ ಬರೆಯುವುದು ಕಲಿತರು. ಈಗ ಕಗ್ಗದಾಸಪುರದಲ್ಲಿ ಯಾರ ಮನೆಗೆ ಸರ್ಕಾರಿ ವರ ಬಂದರೂ ಮೊದಲು ಅವರ ಹತ್ತಿರ ಬರುತ್ತಾರೆ, ಜಾತಕ ಆಮೇಲೆ. ಇವರು ಇಲಾಖೆಗೆ ಬರೆಯುತ್ತಾರೆ. ಉತ್ತರ ಬಂದ ದಿನ ಗೇಟಿನ ಹತ್ತಿರ ಕುರ್ಚಿ ಹಾಕಿ ಕೂತು, ಕಾಗದ ಓದಿ, "ಹುಡುಗ ಹೌದು" ಅಥವಾ "ಹುಡುಗ ಅಲ್ಲ" ಎನ್ನುತ್ತಾರೆ. ಅವರು "ಅಲ್ಲ" ಅಂದ ಮೇಲೆ ಚೌಲ್ಟ್ರಿ ಬುಕ್ ಆಗಿದ್ದ ಮದುವೆಯೂ ನಿಂತಿದ್ದುಂಟು.

ಅವರದೇ ಇನ್ನೊಂದು ಶಾಸ್ತ್ರವೂ ಇತ್ತು. ಹುಡುಗನನ್ನು ಮನೆಯಲ್ಲಿ ನೋಡುವ ಮೊದಲು ಕುರ್ಚಿಯಲ್ಲಿ ನೋಡಬೇಕು. ಹಂಸ ಹೆಸರು ಹೇಳಿದ ವಾರವೇ, ಏನೋ ವಿಚಾರಿಸುವವರ ಹಾಗೆ ಅವರು ಶಿವಾಜಿನಗರದ ಆ ಕಚೇರಿಗೆ ಹೋಗಿ ಬಾಗಿಲ ಬಳಿ ನಿಂತು ನೋಡಿದ್ದರು. ದೊಡ್ಡ ದೊಡ್ಡ ಅಧಿಕಾರಿಗಳೇ ಬಂದು "ಪ್ರೇಮ್, ನನ್ನ ಇನ್‌ಕ್ರಿಮೆಂಟ್ ಏನಾಯ್ತಪ್ಪ?" ಅಂತ ಅವನ ಮೇಜಿನ ಮುಂದೆ ಕೈಕಟ್ಟಿ ನಿಂತಿದ್ದರು. ಫಹೀಮ್ ಸಾಹೇಬರು ಅವನು ತೋರಿಸಿದ ಕಡೆಯೆಲ್ಲ ಸಹಿ ಹಾಕುತ್ತಿದ್ದರು. ದೊಡ್ಡಮುನಿಯಪ್ಪ ಕುಣಿಯುತ್ತ ಮನೆಗೆ ಬಂದು ಹೆಂಡತಿಗೆ ಹೇಳಿದರು. "ಇಡೀ ಆಫೀಸು ಅವನ ಕೈಯಲ್ಲಿದೆ ಕಣೇ ಮಾರಕ್ಕ!"

ಅದು ನಿಜವೂ ಆಗಿತ್ತು. ಆಫೀಸು ಅವನ ಕೈಯಲ್ಲಿತ್ತು, ಅವನು ಆಫೀಸಿನಲ್ಲಿ ಇರಲಿಲ್ಲ.

ಅಷ್ಟು ಸಾಲದೇ ಅಂದರೆ, ಸಾಲದು. "ನನ್ನ ಮಗಳಿಗೊಂದು ನ್ಯಾಯ, ಊರಿಗೊಂದು ನ್ಯಾಯ ಅಂತ ಯಾರೂ ಅನ್ನಬಾರ್ದು," ಎಂದು ನೀಲಿ ಪೆನ್ನು ತೆಗೆದಿದ್ದರು.

*

ಜಗಳವಾಡಿ ಬಂದ ಸಂಜೆ ಹಂಸ ಗೇಟು ತೆಗೆದಾಗ ಅಪ್ಪ ಕುರ್ಚಿಯಲ್ಲೇ ಇದ್ದರು. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಮನೆ. ಮೇಲೆಲ್ಲ ಬಾಡಿಗೆಯವರು. ಆ ಕುರ್ಚಿ ದಾಟದೆ ಒಂದು ಬೆಕ್ಕೂ ಆಚೆ ಹೋಗುವಂತಿರಲಿಲ್ಲ.

"ಲೇಟು."

"ಗೇಟ್ ಹಾಕಿದ್ರಪ್ಪ, ರೈಲಿಗೆ."

"ಹೂಂ." ಅವರು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ ಮಾತು ಮುಂದುವರಿಸಿದರು. "ಹೂಂ ಮುನಿಆಂಜನಪ್ಪ, ಅಳಿಯ ಎಫ್‌ಡಿಎ. ನಾನು ಕಣ್ಣಾರೆ ನೋಡಿ ಬಂದಿದೀನಲ್ಲ. ಕಾಗದ ಒಂದು ಬರ್ಲಿ, ತಾಂಬೂಲ ಇಟ್ಕೊಳ್ಳಣ."

ಒಳಗೆ ಮಾರಕ್ಕ ಸೀರೆಗಳ ಬಣ್ಣ ಹೇಳುತ್ತಿದ್ದಳು. ಹಂಸ ಸೀದಾ ತಾರಸಿಗೆ ಹೋದಳು. ಅಲ್ಲಿ ರಮ್ಯಶ್ರೀ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಅವಳು ಆಚೆ ಹೋಗುವುದು ಕೋರ್ಟಿನ ದಿನ ಮಾತ್ರ. ಉಳಿದಂತೆ ಅವಳ ಊರು ಈ ತಾರಸಿ.

"ಏನಾಯ್ತೇ?"

"ಏನಿಲ್ಲ."

"ನನ್ ಹತ್ರ ಆಡ್ಬೇಡ. ನಿನ್ನ ಮುಖ ನನಗೆ ಗೊತ್ತಿರೋ ಮುಖ. ನನ್ನ ಗಂಡ ಸಂಜೆ ಮನೆಗೆ ಬರುವಾಗ ಇದೇ ಮುಖ ಹಾಕ್ಕೊಂಡು ಬರ್ತಿದ್ದ."

ಹಂಸ ನೀರಿನ ಟ್ಯಾಂಕಿಗೆ ಒರಗಿ ಕುಸಿದಳು. ಎಲ್ಲ ಹೇಳಿದಳು. ರಮ್ಯಶ್ರೀ ಬಟ್ಟೆ ಮಡಿಸುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಅವನು ನಿನಗೆ ಯಾವಾಗ ಹೇಳ್ದ?"

"ಮೊದಲ್ನೇ ದಿನಾನೇ. ಟೀ ಕುಡಿಯೋವಾಗ."

"ಹಾಗಾದ್ರೆ ಮೋಸಗಾರ್ತಿ ನೀನು." ರಮ್ಯಶ್ರೀ ಬಟ್ಟೆಯ ಗಂಟು ಕೆಳಗೆ ಬಡಿದಳು. "ಥೂ! ನನ್ನ ಕಣ್ಮುಂದೆ ನಾನು ಸತ್ತಿದ್ದು ನೋಡಿದೀಯ. ನೋಡಿಯೂ ಅಪ್ಪನಿಗೆ ಅದನ್ನೇ ಮಾಡ್ತೀಯಲ್ಲೇ. ಅವನು ಬರೆಯಲ್ಲ ಅಂದ್ನಾ? ಸದ್ಯ, ನಿಮ್ಮಿಬ್ಬರಲ್ಲಿ ಒಬ್ಬರಿಗಾದ್ರೂ ಮಾನ ಇದೆ."

"ಅಕ್ಕಾ, ನಿಜ ಹೇಳಿದ್ರೆ ಅಪ್ಪ ಒಪ್ಪಲ್ಲ."

"ಒಪ್ಪಲ್ಲ. ಅದು ಬೇರೆ ಮಾತು. ಬೇಡ ಅನ್ನಿಸ್ಕೊಂಡು ಬದುಕಬಹುದು ಹಂಸ. ಸುಳ್ಳಿನ ಟಿಫನ್ ಬಾಕ್ಸ್ ಕಟ್ಕೊಂಡು ಬದುಕೋಕಾಗಲ್ಲ."

ಅವಳು ಬಟ್ಟೆ ಎತ್ತಿಕೊಂಡು ಕೆಳಗೆ ಹೋದಳು. ಹಂಸ ಕತ್ತಲಾಗುವವರೆಗೂ ಅಲ್ಲೇ ಕೂತಿದ್ದಳು. ಮೇಲೆ ಆಕಾಶ ಎಷ್ಟು ಅಗಲ ಇದ್ದರೇನು, ಇಳಿಯಲು ಇದ್ದದ್ದು ಒಂದೇ ಮೆಟ್ಟಿಲು, ಮೆಟ್ಟಿಲ ಕೊನೆಗೆ ಅಪ್ಪನ ಕುರ್ಚಿ.

*

"ಹಲಸೂರು ಕೆರೆ ಹತ್ರ ಬಾ. ಮಾತಾಡ್ಬೇಕು" ಎಂದು ಮಾರನೇ ದಿನ ಅವನೇ ಮೆಸೇಜ್ ಹಾಕಿದ್ದ. ಹಂಸ ಬಂದಾಗ ಕಲ್ಲುಬೆಂಚಿನ ಮೇಲೆ ಕೂತಿದ್ದ. ಗಡ್ಡ ಕೆರೆದಿರಲಿಲ್ಲ. ಕನ್ನಡಕದ ಗಾಜು ಮಬ್ಬಾಗಿತ್ತು. ಹಂಸ ಅದನ್ನು ಅವನ ಮುಖದಿಂದ ತೆಗೆದು ದುಪಟ್ಟಾದಲ್ಲಿ ಒರೆಸತೊಡಗಿದಳು. ಕನ್ನಡಕವಿಲ್ಲದ ಅವನ ಕಣ್ಣು ಎಳೇ ಹುಡುಗನ ಕಣ್ಣಿನಂತೆ ಅವಳನ್ನು ಹುಡುಕಿತು.

"ಈಗ ಕಾಣ್ತಿದೀನಾ?"

"ಮಬ್ಬಾಗಿ. ಆದ್ರೂ ಸಿಟ್ಟು ಕಾಣ್ತಿದೆ."

"ಸಿಟ್ಟಿಲ್ಲ."

"ಇದೆ. ಮೂಗಿನ ತುದೀಲಿದೆ."

ಅವಳು ಕನ್ನಡಕ ಹಾಕಿ, ಬೇಕಂತಲೇ ಒಂದು ಕ್ಷಣ ಹೆಚ್ಚು ಹೊತ್ತು ಕಿವಿಯ ಹಿಂದೆ ಬೆರಳಿಟ್ಟಳು. ಅವನು ಬ್ಯಾಗಿನಿಂದ ಖಾಕಿ ಕವರೊಂದನ್ನು ತೆಗೆದು ಅವಳ ಮಡಿಲಲ್ಲಿಟ್ಟ.

"ಏನಿದು?"

"ನೀನು ಕೇಳಿದ ಒಂದು ಸಾಲು."

ಹಂಸ ಬಿಚ್ಚಿ ಓದಿದಳು. ಸದರಿ ಪ್ರೇಮ್‌ಕುಮಾರ್ ರವರು ಈ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕರಾಗಿ ಕರ್ತವ್ಯ ನಿರ್ವಹಿಸುತ್ತಿರುತ್ತಾರೆಂದು ಈ ಮೂಲಕ ತಿಳಿಸಲಾಗಿದೆ. ಕೆಳಗೆ ನೇರಳೆ ಬಣ್ಣದ ದುಂಡು ಮೊಹರು, ಫಹೀಮ್ ಸಾಹೇಬರ ಸಹಿ.

ಮೊದಲು ಅವಳಿಗೆ ಆದದ್ದು ಸಂತೋಷವೇ. ಮೈಯೆಲ್ಲ ಹಗುರವಾಯಿತು. ಈ ಕಾಗದ ಅಪ್ಪನ ಕೈಗೆ ಹೋದರೆ ತಾಂಬೂಲ, ಆಮೇಲೆ ಚಪ್ಪರ, ಆಮೇಲೆ ಆ ಗೇಟಿನಿಂದ ಹಾರ ಹಾಕಿಕೊಂಡು ತಲೆಯೆತ್ತಿ ಹೊರಡಬಹುದು. ಅವಳು ಕಾಗದವನ್ನು ಎದೆಗೆ ಒತ್ತಿಕೊಂಡಳು.

"ನೀನು ನಿನ್ನೆ ಹೋದ ರೀತಿ ನೋಡಿ ನನಗೆ ಊಟ ಸೇರ್ಲಿಲ್ಲ ಕಣೇ," ಎಂದ ಪ್ರೇಮ್. "ಹೋಗ್ಲಿ, ಸುಳ್ಳೇ ಆಗ್ಲಿ, ಇವಳು ಪಕ್ಕದಲ್ಲಿರ್ಲಿ ಅನ್ನಿಸ್ಬಿಡ್ತು. ಇನ್ನೂ ರವಾನೆ ನಂಬರ್ ಹಾಕಿಲ್ಲ. ನಾಳೆ ಪೋಸ್ಟಿಗೆ ಹೋಗುತ್ತೆ."

"ಸಾಹೇಬ್ರು ಓದಿದ್ರಾ?"

ಅವನು ಕೆರೆಯ ಕಡೆ ನೋಡಿದ. "ಇಲ್ಲ. 'ನೀನು ಇಟ್ರೆ ಸರಿನೇ ಇರುತ್ತೆ ಬೇಟಾ' ಅಂದ್ರು. ಹಾಕಿದ್ರು. ರಿಟೈರ್ ಆಗೋಕೆ ಬಂದಿದಾರೆ ಪಾಪ. ಇದೇನಾದ್ರೂ ಹೊರಗೆ ಬಂದ್ರೆ ಅವರ ಪೆನ್ಷನ್ ನಿಂತೋಗುತ್ತೆ."

ಹಗುರವಾಗಿದ್ದ ಮೈ ಮತ್ತೆ ಭಾರವಾಯಿತು. ಹಂಸ ಎದೆಯ ಮೇಲಿನ ಕಾಗದ ತೆಗೆದು ಮತ್ತೊಮ್ಮೆ ನೋಡಿದಳು.

"ನಿನ್ನೆ ನಾನು ನಿನ್ನ ಹತ್ರ ಇದನ್ನ ಬೇಡಿದೆ. ಈಗ ಬೇಡ ಅಂದ್ರೆ ಹುಚ್ಚಿ ಅಂತೀಯಾ?"

"ಯಾವಾಗ್ಲೂ ಅಂತೀನಿ."

"ಇದನ್ನ ಕಳ್ಸಿದ್ರೆ ನಾನು ನಿನ್ನ ಹೆಂಡ್ತಿ ಆಗ್ತೀನಿ. ಆಮೇಲೆ ಯಾರಾದ್ರೂ ಗೇಟ್ ಬಡಿದಾಗೆಲ್ಲ ಎದೆ ಧಡ್ ಅನ್ನುತ್ತೆ. ಅಕ್ಕನ ಮುಖ ಹೆಂಗೆ ನೋಡ್ಲಿ? ಮೊದಲ್ನೇ ಟೀಗೇ ಇರೋದನ್ನ ಇದ್ದಂಗೆ ಹೇಳ್ದೋನು ನೀನು. ನಾನು ಇಷ್ಟಪಟ್ಟಿದ್ದೇ ಅವನನ್ನ. ಈ ಕಾಗದದಲ್ಲಿರೋ ಎಫ್‌ಡಿಎ ಯಾರೋ ನನಗೆ ಗೊತ್ತಿಲ್ಲ."

ಅವಳು ಕಾಗದವನ್ನು ನಡುವಿಗೆ ಹರಿದಳು. ಮತ್ತೆ ಹರಿದಳು. ಮೊಹರು ಎರಡು ಹೋಳಾಯಿತು.

ಪ್ರೇಮ್ ನಿಟ್ಟುಸಿರು ಬಿಟ್ಟ. ಅದು ದುಃಖದ ಉಸಿರೋ ಬಿಡುಗಡೆಯ ಉಸಿರೋ ಅವನಿಗೇ ತಿಳಿದಿರಲಿಕ್ಕಿಲ್ಲ. "ಆಫೀಸ್ ಕಾಪಿ ಫೈಲಲ್ಲಿದೆ."

"ಅದನ್ನೂ ಹರಿ."

"ಸರ್ಕಾರಿ ದಾಖಲೆ ಹರಿದ್ರೆ ಕೇಸಾಗುತ್ತೆ ಮೇಡಂ."

"ನೀನೇನು ಸರ್ಕಾರಿ ನೌಕರನಾ, ಕೇಸಾಗೋಕೆ?"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ವಾಕಿಂಗ್ ಬಂದಿದ್ದ ಹೆಂಗಸೊಬ್ಬಳು ತಿರುಗಿ ನೋಡಿ ಮುಗುಳ್ನಕ್ಕು ಹೋದಳು. ನಗುತ್ತ ನಗುತ್ತ ಹಂಸಳಿಗೆ ಅಳು ಬಂತು. ಪ್ರೇಮ್ ಅವಳ ಕೈ ಹಿಡಿದ. ಟೈಪ್ ಮಾಡಿ ಮಾಡಿ ಅವನ ಬೆರಳ ತುದಿ ಒರಟಾಗಿತ್ತು.

"ನಿಜಾನೇ ಬರೀತೀನಿ. ಭಾನುವಾರ ನಾನೇ ಮನೆಗೆ ಬರ್ತೀನಿ. ನಿಮ್ಮಪ್ಪ ಹೊಡೀತಾರಾ?"

"ಹೊಡೆದ್ರೆ ಹೊಡೆಸ್ಕೋ. ಕನ್ನಡಕ ಮಾತ್ರ ಜೇಬಲ್ಲಿಟ್ಕೊ. ನಂದೇ ಟೆಸ್ಟು, ಮತ್ತೆ ಮಾಡೋಕಾಗಲ್ಲ."

ಮಾರನೇ ದಿನ ಅವನು ಫೋನ್ ಮಾಡಿ ಹೇಳಿದ. ಹಳೆಯ ಕಾಪಿ ಹರಿದ ಮೇಲೆ ಸಾಹೇಬರಿಗೆ ಎಲ್ಲ ಒಪ್ಪಿಸಿದ್ದ. ಹೊಸ ಉತ್ತರ ಮುಂದಿಟ್ಟು "ಓದಿ ಸಾರ್" ಅಂದಿದ್ದ. ಸಾಹೇಬರು ಎರಡು ಸಲ ಓದಿದರಂತೆ. ಬೈಯಲೂ ಇಲ್ಲ. "ನೀನು ಇಲ್ಲ ಅಂತ ಸಹಿ ಹಾಕೋಕೆ ನನ್ನ ಕೈ ಬರ್ತಿಲ್ಲ ಬೇಟಾ," ಎಂದು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಆಮೇಲೆ ಹಾಕಿದರಂತೆ.

*

ಉತ್ತರ ಬಂದ ದಿನ ದೊಡ್ಡಮುನಿಯಪ್ಪ ಗೇಟಿನ ಹತ್ತಿರ ಕೂತೇ ಕವರ್ ಒಡೆದರು. ಓದಿದರು. ಮಡಿಸಿ ಜೇಬಿಗಿಟ್ಟರು. ಎದ್ದು ಕುರ್ಚಿ ಎತ್ತಿಕೊಂಡು ಒಳಗೆ ಬಂದರು. ಆ ಕುರ್ಚಿ ಹಗಲಿನಲ್ಲಿ ಒಳಗೆ ಬಂದದ್ದನ್ನು ಹಂಸ ನೋಡಿಯೇ ಇರಲಿಲ್ಲ.

"ಅಪ್ಪಾ, ಅವನು ಸುಳ್ಳು ಹೇಳಿಲ್ಲ. ಹೇಳಿದ್ದು ನಾನು. ಆ ಕಾಗದ ಟೈಪ್ ಮಾಡಿದ್ದೂ ಅವನೇ."

ಹೊಡೆಯುತ್ತಾರೆ ಎಂದುಕೊಂಡಿದ್ದಳು. ಹೊಡೆಯಲಿಲ್ಲ. ಕೈ ಚಾಚಿ, "ಫೋನ್ ಕೊಡು," ಎಂದರು. ಅಂಗಡಿಗೆ ನಾಳೆಯಿಂದ ಹೋಗಬೇಡ ಎಂದರು. ಗೇಟಿಗೆ ಬೀಗ ಬಿತ್ತು. ಬಾಡಿಗೆಯವರೆಲ್ಲ ಹೋಗುವಾಗ ಬರುವಾಗ ದೊಡ್ಡಮುನಿಯಪ್ಪನನ್ನೇ ಕೂಗಿ ಬೀಗ ತೆಗೆಸಿಕೊಳ್ಳಬೇಕಾಯಿತು. ಸಂಜೆ ಅದೇ ಬೀದಿಯ ಮುನಿಆಂಜನಪ್ಪ ಗೇಟಿನಾಚೆಯೇ ನಿಂತು "ಏನಣ್ಣ, ಕಾಗದ ಬಂತಾ?" ಅಂದಾಗ ದೊಡ್ಡಮುನಿಯಪ್ಪ ಕಿಟಕಿಯಿಂದ, "ಇನ್ನೂ ಬಂದಿಲ್ಲ ಕಣಯ್ಯ," ಎಂದರು. ಊರಿಗೆಲ್ಲ ನಿಜ ಓದಿ ಹೇಳುತ್ತಿದ್ದ ಬಾಯಿಂದ ಆ ಮಾತು ಬಂದದ್ದನ್ನು ಹಂಸ ಕೇಳಿಸಿಕೊಂಡಳು.

ಭಾನುವಾರ ಪ್ರೇಮ್ ಬಂದ. ಬಿಳಿ ಶರ್ಟು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಕನ್ನಡಕ ನಿಜವಾಗಿಯೂ ಜೇಬಿನಲ್ಲಿತ್ತು. ಬಾಗಿಲ ಸಂದಿಯಿಂದ ಅದನ್ನು ನೋಡಿ ಹಂಸ ತುಟಿ ಕಚ್ಚಿಕೊಂಡಳು.

"ಕೂತ್ಕೊಳಪ್ಪ," ಎಂದರು ದೊಡ್ಡಮುನಿಯಪ್ಪ. ಮಾರಕ್ಕ ಕಾಫಿ ತಂದಿಟ್ಟಳು. ರಮ್ಯಶ್ರೀ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಸಾರ್, ನನ್ನದೂ ತಪ್ಪಿದೆ. ನೀವು ಆಫೀಸಿಗೆ ಬಂದು ನೋಡಿ ಹೋದ್ರಿ ಅಂತ ಗೊತ್ತಾದಾಗ್ಲೇ ಬಂದು ಹೇಳ್ಬೇಕಿತ್ತು. ನಾನು ಪರ್ಮನೆಂಟ್ ಅಲ್ಲ. ಆಗ್ತೀನಿ ಅಂತಾನೂ ಹೇಳಲ್ಲ. ಆದ್ರೆ ದುಡಿದು ಹಂಸನ್ನ ಸಾಕ್ತೀನಿ."

"ಸಾಕ್ತಾಳೆ ಅನ್ನು, ನನ್ನ ಸಂಬಳ ಜಾಸ್ತಿ," ಎಂದಳು ಹಂಸ ಒಳಗಿನಿಂದ. ಮಾರಕ್ಕ "ಶ್!" ಎಂದು ಕಣ್ಣು ಬಿಟ್ಟಳು.

ದೊಡ್ಡಮುನಿಯಪ್ಪ ಕಾಫಿ ಲೋಟ ಪಕ್ಕಕ್ಕೆ ಸರಿಸಿದರು. ಆಮೇಲೆ ಜೇಬಿನಿಂದ ಕಾಗದ ತೆಗೆದರು. ಮಡಿಕೆ ಸವೆದಿತ್ತು. ಎಷ್ಟು ಸಲ ಓದಿದ್ದರೋ.

"ನೋಡಪ್ಪ, ಇದು ಬಂದಿದ್ದು ನನ್ನ ಹೆಸರಿಗೆ. ಓದಿರೋನು ನಾನೊಬ್ಬ. ನಾನು 'ಹೌದು' ಅಂದ್ರೆ ಈ ಊರಿಗೆಲ್ಲ ಹೌದು. ಯಾರೂ ಕಾಗದ ತೋರ್ಸು ಅಂತ ಕೇಳಲ್ಲ. ಮದುವೆ ಮಾಡ್ಕೊಡ್ತೀನಿ."

ಹಂಸ ಬಾಗಿಲಿನಿಂದ ಆಚೆ ಬಂದುಬಿಟ್ಟಳು. ಪ್ರೇಮ್ ಎದ್ದು ನಿಂತ.

"ಕೂತ್ಕೊ, ಇನ್ನೂ ಇದೆ. ಲಗ್ನಪತ್ರಿಕೇಲಿ ನಿನ್ನ ಹೆಸರಿನ ಕೆಳಗೆ ಎಫ್‌ಡಿಎ ಅಂತ ಹಾಕಿಸ್ತೀನಿ. ಮೂರನೇ ಫ್ಲೋರ್ ಖಾಲಿ ಮಾಡಿಸ್ತೀನಿ, ನಿಮ್ಮ ತಾಯೀನೂ ಕರ್ಕೊಂಡು ಬಾ. ನನ್ನ ಕಣ್ಮುಂದೆ ಇರಿ. ಯಾರೇನು ಕೇಳಿದ್ರೂ ಉತ್ತರ ನಾನು ಕೊಡ್ತೀನಿ. ನೀನು ಬಾಯಿ ಬಿಡೋಹಂಗಿಲ್ಲ. ಅಷ್ಟೇ."

ಹಂಸ ಪ್ರೇಮ್‌ನ ಮುಖ ನೋಡಿದಳು. ಆ ಮುಖದಲ್ಲಿ ಆಸೆ ಮೂಡಿದ್ದು ಅವಳಿಗೆ ಕಂಡಿತು. ತನ್ನ ಮುಖದಲ್ಲೂ ಮೂಡಿರಬೇಕು. ಏಕೆ ಮೂಡಬಾರದು? ಬೇಕಾದದ್ದು ಕೈಗೆಟುಕುವಷ್ಟು ಹತ್ತಿರ ಬಂದು ನಿಂತಿತ್ತು. ಅವಳು ಮೂರನೇ ಮಹಡಿಯ ಕಿಟಕಿ ನೆನೆದಳು. ಅಲ್ಲಿ ನಿಂತು ಗಂಡನ ದಾರಿ ಕಾಯುವುದನ್ನು ನೆನೆದಳು. ಕೆಳಗೆ ಕುರ್ಚಿ ಹಾಕಿ ಕೂತ ಅಪ್ಪ ಬಂದವರಿಗೆಲ್ಲ "ಅಳಿಯ ಆಫೀಸಿಗೆ ಹೋಗಿದಾರೆ" ಎನ್ನುವುದು ಕಿವಿಗೆ ಬಿದ್ದ ಹಾಗಾಯಿತು. ಸಾಯುವವರೆಗೂ.

"ಹಾಗಾದ್ರೆ ನನ್ನ ಕೇಸು ವಾಪಸ್ ತಗೊಂಡ್ಬಿಡಣ ಅಪ್ಪ," ಎಂದಳು ರಮ್ಯಶ್ರೀ. ದನಿ ಏರಿಸಲಿಲ್ಲ. "ನನ್ನ ಗಂಡನೂ ಲಗ್ನಪತ್ರಿಕೇಲಿ ಇದನ್ನೇ ಹಾಕಿಸಿದ್ದ. ಅವನನ್ನ ಕೋರ್ಟಿಗೆ ಎಳೆದಿದ್ದು ಯಾಕೆ ಮತ್ತೆ?"

"ನೀನು ಒಳಗೆ ಹೋಗು!" ದೊಡ್ಡಮುನಿಯಪ್ಪ ಗುಡುಗಿದರು. "ಹತ್ತು ಜನರ ಮದುವೆ ನಿಲ್ಲಿಸಿದೀನಿ ನಾನು. ನನ್ನ ಮಗಳೇ ನನಗೆ ಟೋಪಿ ಹಾಕಿದ್ಲು ಅಂತ ಗೊತ್ತಾದ್ರೆ ಈ ಬೀದೀಲಿ ತಲೆ ಎತ್ಕೊಂಡು ಓಡಾಡ್ಲಾ? ಮಾನ ಉಳ್ಸು ಅಂತ ಕೇಳ್ತಿದೀನಿ. ತಪ್ಪಾ?"

ಅಪ್ಪ ಕಾಗದವನ್ನು ಮತ್ತೆ ಮಡಿಸಿ ಜೇಬಿಗಿಟ್ಟರು. ಹಂಸಳಿಗೆ ಅಯ್ಯೋ ಅನ್ನಿಸಿತು. ಈ ಮನುಷ್ಯನೂ ಬೀಗದೊಳಗೇ ಇದ್ದಾನೆ, ಬೀಗದ ಕೈ ಇವನ ಜೇಬಲ್ಲೇ ಇದ್ದರೂ.

"ತಪ್ಪು ನಂದಪ್ಪ," ಎಂದಳು. "ಆ ಸುಳ್ಳು ಶುರು ಮಾಡಿದ್ದು ನಾನು. ಅದಕ್ಕೇ ಅದನ್ನ ಮುಂದುವರ್ಸು ಅಂತ ನಿನಗೆ ಹೇಳೋಕಾಗಲ್ಲ. ಎಫ್‌ಡಿಎ ಅಂತ ಹಾಕಿಸಿದ ಪತ್ರಿಕೇಲಿ ನನ್ನ ಹೆಸರು ಬೇಡ."

"ಪ್ರೇಮ್, ನೀನಾದ್ರೂ ಬುದ್ಧಿ ಹೇಳಪ್ಪ."

ಪ್ರೇಮ್ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಹಂಸಳನ್ನು ಸರಿಯಾಗಿ ನೋಡಿದ. "ಅವಳು ಹೇಳಿದ್ದೇ ಸಾರ್," ಎಂದ. ಕೈ ಮುಗಿದು ಬಾಗಿಲ ಕಡೆ ನಡೆದ.

ಮಗಳ ಹಟ ದೊಡ್ಡಮುನಿಯಪ್ಪನಿಗೆ ಹೊಸದಲ್ಲ. ಎಷ್ಟೋ ಸಲ ಕೂಗಾಡಿ ಹೋಗಿ ಸಂಜೆಗೆ ಬಂದು ಉಂಡವಳು. ಅವರು ಬೀಗದ ಕೈಯನ್ನೂ ಅವಳ ಫೋನನ್ನೂ ಟೀಪಾಯಿ ಮೇಲಿಟ್ಟರು.

"ಹೋಗು, ಬಸ್‌ಸ್ಟಾಪ್‌ವರೆಗೂ ಬಿಟ್ಟು ಬಾ. ದಾರೀಲಿ ಇಬ್ರೂ ತಲೆ ತಣ್ಣಗೆ ಮಾಡ್ಕೊಂಡು ಮಾತಾಡ್ಕೊಳ್ಳಿ. ಊಟಕ್ಕೆ ಬಂದ್ಬಿಡು, ನಿಮ್ಮಮ್ಮ ಮುದ್ದೆ ಮಾಡ್ತಾಳೆ."

ಹಂಸ ಫೋನ್ ತೆಗೆದುಕೊಂಡಳು. ಬಗ್ಗಿ ಅಪ್ಪನ ಕಾಲು ಮುಟ್ಟಿದಳು. ಮಗಳು ದಾರಿಗೆ ಬಂದಳು ಅಂದುಕೊಂಡು ಅವರು ತಲೆಯ ಮೇಲೆ ಕೈಯಿಟ್ಟರು. ಮಾರಕ್ಕ "ಬಿಸಿಲಿದೆ, ತಲೆ ಮೇಲೆ ದುಪಟ್ಟಾ ಹಾಕ್ಕೊಳೇ," ಎಂದಳು.

ಗೇಟಿನ ಹತ್ತಿರ ರಮ್ಯಶ್ರೀ ಓಡಿ ಬಂದು ಅವಳ ಹ್ಯಾಂಡ್‌ಬ್ಯಾಗನ್ನು ಹೆಗಲಿಗೆ ಹಾಕಿದಳು. ಬ್ಯಾಗು ಯಾವತ್ತಿಗಿಂತ ಭಾರವಾಗಿತ್ತು. "ಚಾರ್ಜರ್ ಮರ್ತಿದ್ದೆ," ಎಂದು ಮುಷ್ಟಿಯಲ್ಲಿದ್ದದ್ದನ್ನು ಒಳಗೆ ತುರುಕಿದಳು. "ಅಲ್ಲಿಂದ ಫೋನ್ ಮಾಡು." ಅಷ್ಟೇ ಹೇಳಿ ಒಳಗೆ ಹೋದಳು.

ಬೀದಿಯಲ್ಲಿ ಪ್ರೇಮ್ ಮುಂದೆ, ಹಂಸ ಒಂದು ಹೆಜ್ಜೆ ಹಿಂದೆ. ಮುನಿಆಂಜನಪ್ಪ ಎದುರಾಗಿ, "ಇವ್ರೇನಾ ಎಫ್‌ಡಿಎ ಸಾಹೇಬ್ರು?" ಎಂದು ಹಲ್ಲು ಕಿರಿದ.

"ಅಲ್ಲಣ್ಣ. ಔಟ್‌ಸೋರ್ಸು," ಎಂದಳು ಹಂಸ. ಎಷ್ಟು ಸಲೀಸಾಗಿ ಬಂತು ಆ ಮಾತು! ಅವಳಿಗೇ ಆಶ್ಚರ್ಯವಾಯಿತು.

ಮೂಲೆಯಲ್ಲಿ ಪ್ರೇಮ್ ನಿಂತ. "ಇಷ್ಟು ಸಾಕು, ನೀನಿನ್ನು ಹೋಗು. ನಿಮ್ಮಪ್ಪ ಊಟಕ್ಕೆ ಕಾಯ್ತಿರ್ತಾರೆ."

ಹಂಸ ಅವನ ತೋಳಿಗೆ ತೋಳು ಸೇರಿಸಿ, ಇನ್ನೊಂದು ಕೈ ಎತ್ತಿ ಆಟೋ ನಿಲ್ಲಿಸಿದಳು.

"ಬಾಣಸವಾಡಿ," ಎಂದಳು.

"ವಾಪಸ್ ಬರ್ತೀರಾ ಮೇಡಂ? ವೇಟಿಂಗಾ?"

"ಇಲ್ಲಣ್ಣ. ಹೋಗೋದಷ್ಟೇ."

ಆ ಮಧ್ಯಾಹ್ನ ಮಾರಕ್ಕ ನಾಲ್ಕು ತಟ್ಟೆ ಹಾಕಿದಳು. ದೊಡ್ಡಮುನಿಯಪ್ಪ ಕುರ್ಚಿಯನ್ನು ಮತ್ತೆ ಗೇಟಿನ ಹತ್ತಿರ ತಂದು ಹಾಕಿಕೊಂಡು ಬೀದಿ ನೋಡುತ್ತ ಕೂತರು. ಮುದ್ದೆ ಆರಿತು, ಸಾರು ಆರಿತು. ಹಂಸ ಬರಲಿಲ್ಲ.